ವಾರದ ರೇಸು, ಊರಿನ ಕರೆ: ಉತ್ತರ ಕೆರೊಲಿನಾದಿಂದ ಒಂದು ಅನಿಸಿಕೆ

ಉತ್ತರ ಕೆರೊಲಿನಾದ ಶಾರ್ಲಟ್ ನಗರದ ಸುತ್ತಮುತ್ತ ಬ್ಯಾಂಕು ಮತ್ತು ಸಾಫ್ಟ್‌ವೇರ್ ಉದ್ಯೋಗಕ್ಕಾಗಿ ಬಂದು ನೆಲೆಸಿದ ಕನ್ನಡ ಕುಟುಂಬಗಳು ಸಾಕಷ್ಟಿವೆ. ಅವರಲ್ಲಿ ಹೆಚ್ಚಿನವರು ಸ್ಟಾಕ್ ಕಾರ್ ರೇಸನ್ನು, ಅಂದರೆ ಮೂಲದಲ್ಲಿ ಶೋರೂಮಿನ ಕಾರುಗಳಿಂದಲೇ ಬೆಳೆದ ಪಂದ್ಯವನ್ನು, ಟಿವಿಯಲ್ಲಿ ನೋಡಿರುತ್ತಾರೆ, ಕೆಲವರು ಕಾನ್‌ಕಾರ್ಡ್‌ನ ದೊಡ್ಡ ಸ್ಪೀಡ್‌ವೇಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದಿರುತ್ತಾರೆ, ಅಲ್ಲಿಗೆ ಆ ನಂಟು ಮುಗಿಯುತ್ತದೆ. ನನ್ನ ವಿಷಯದಲ್ಲಿ ಅದು ಬೇರೆ ದಾರಿ ಹಿಡಿಯಿತು. ಕೆಲವು ವರ್ಷಗಳ ಕಾಲ ಬೇಸಿಗೆಯ ಶನಿವಾರದ ರಾತ್ರಿಗಳನ್ನು ನಾನು ಬೇಲಿಯ ಒಳಗೆ, ಸ್ವಂತ ಕಾರಿನ ಸ್ಟಿಯರಿಂಗ್ ಹಿಡಿದು, ಹವ್ಯಾಸಿ ಚಾಲಕನಾಗಿ ಕಳೆದೆ. ಈಗ ಓಡಿಸುವುದನ್ನು ನಿಲ್ಲಿಸಿದ್ದೇನೆ. ಹುಟ್ಟಿ ಬೆಳೆದ ಮೂಡುಬಿದಿರೆ ಕಡೆಯ ಕಂಬಳವನ್ನೂ ಇಲ್ಲಿಯ ವಾರದ ರೇಸನ್ನೂ ಅಕ್ಕಪಕ್ಕದಲ್ಲಿಟ್ಟು ಯೋಚಿಸುವಾಗ ನನಗೆ ಒಂದು ಮಾತು ಸ್ಪಷ್ಟವಾಗುತ್ತ ಬಂದಿದೆ. ಕರ್ನಾಟಕದಲ್ಲಿ ಮೋಟಾರು ರೇಸು ಒಂದೋ ಅನುಕೂಲಸ್ಥರ ಹವ್ಯಾಸವಾಗಿ, ಇಲ್ಲವೇ ಸಾರ್ವಜನಿಕ ರಸ್ತೆಯ ಮೇಲಿನ ಅಪರಾಧವಾಗಿ ಉಳಿದುಕೊಂಡಿದೆ. ಅದಕ್ಕೆ ದೊಡ್ಡ ಕಾರಣ ಊರಿನ ಮಟ್ಟದಲ್ಲಿ ಒಂದು ಸಣ್ಣ ಟ್ರ್ಯಾಕ್ ಮತ್ತು ಅದಕ್ಕೆ ತಕ್ಕ ನಿಯಮಗಳು ಇಲ್ಲದಿರುವುದು.

ಇಲ್ಲಿಯೂ ಈ ಆಟ ಹುಟ್ಟಿದ್ದು ರಸ್ತೆಯ ಮೇಲೆಯೇ. ಅಪಲೇಚಿಯನ್ ಬೆಟ್ಟಗಳ ಬುಡದ ಕೌಂಟಿಗಳಲ್ಲಿ ಕದ್ದು ಕಾಯಿಸಿದ ಮದ್ಯವನ್ನು ರಾತ್ರಿ ಹೊತ್ತು ಪಟ್ಟಣಗಳಿಗೆ ಸಾಗಿಸುತ್ತಿದ್ದ ಯುವಕರು ಹಳೆಯ ಫೋರ್ಡ್ ಕಾರುಗಳ ಎಂಜಿನ್ ಬಲಪಡಿಸಿ, ಹೊರೆಗೆ ಕುಗ್ಗದಂತೆ ಹಿಂದಿನ ಸ್ಪ್ರಿಂಗುಗಳನ್ನು ಗಟ್ಟಿ ಮಾಡಿಕೊಂಡು, ತೆರಿಗೆ ಅಧಿಕಾರಿಗಳ ಕೈಗೆ ಸಿಗದೆ ಓಡುತ್ತಿದ್ದರು. ಅವರಲ್ಲಿ ಹಲವರು ನಂತರ ಮಣ್ಣಿನ ಟ್ರ್ಯಾಕುಗಳಿಗೆ ಬಂದರು. ವಿಲ್ಕ್ಸ್ ಕೌಂಟಿಯ ಜೂನಿಯರ್ ಜಾನ್ಸನ್ 1956ರಲ್ಲಿ ತಂದೆಯ ಭಟ್ಟಿಯ ಬಳಿ ಸಿಕ್ಕಿಬಿದ್ದು ಸೆರೆಮನೆ ಸೇರಿ, ಹೊರಬಂದು ಮತ್ತೆ ರೇಸಿಗೆ ಇಳಿದು, ಅಮೆರಿಕದ ಸ್ಟಾಕ್ ಕಾರ್ ರೇಸುಗಳನ್ನು ನಡೆಸುವ ಮುಖ್ಯ ಸಂಸ್ಥೆಯಾದ ನ್ಯಾಸ್ಕಾರ್‌ನ ಉನ್ನತ ವರ್ಗದಲ್ಲಿ 50 ರೇಸುಗಳನ್ನು ಗೆದ್ದರು. 1986ರಲ್ಲಿ ಜಾನ್ಸನ್ ಅವರಿಗೆ ಅಧ್ಯಕ್ಷ ರೇಗನ್ ಕ್ಷಮಾದಾನ ನೀಡಿದರು. ಬಿಲ್ ಫ್ರಾನ್ಸ್ ಎಂಬ ಸಂಘಟಕ 1947ರ ಡಿಸೆಂಬರಿನಲ್ಲಿ ಫ್ಲೋರಿಡಾದ ಡೇಟೋನಾ ಬೀಚಿನ ಒಂದು ಹೋಟೆಲಿನಲ್ಲಿ ಸಭೆ ಕರೆದು, 1948ರ ಫೆಬ್ರವರಿಯಲ್ಲಿ ನ್ಯಾಸ್ಕಾರ್ ಸಂಸ್ಥೆಯನ್ನು ನೋಂದಾಯಿಸಿದಾಗ ಅವರ ಮುಂದಿದ್ದ ಮುಖ್ಯ ಕೆಲಸ ವೇಗವನ್ನು ಹುಟ್ಟಿಸುವುದಾಗಿರಲಿಲ್ಲ, ವೇಗ ಆಗಲೇ ಊರೂರಿನಲ್ಲಿತ್ತು. ಬಹುಮಾನದ ಹಣ ಹಿಡಿದು ಪರಾರಿಯಾಗುವ ಆಯೋಜಕರಿಂದ ಚಾಲಕರನ್ನು ಕಾಪಾಡುವುದು ಮತ್ತು ಎಲ್ಲ ಟ್ರ್ಯಾಕುಗಳಿಗೂ ಒಂದೇ ನಿಯಮ ತರುವುದು ಅವರ ಮುಂದಿದ್ದ ಕೆಲಸವಾಗಿತ್ತು.

ಟಿವಿಯಲ್ಲಿ ಕಾಣುವ ಡೇಟೋನಾದ ಟ್ರ್ಯಾಕ್ ಎರಡೂವರೆ ಮೈಲಿ ಉದ್ದ. ಆದರೆ ಈ ಆಟದ ಜೀವ ಇರುವುದು ಅರ್ಧ ಮೈಲಿಗಿಂತ ಚಿಕ್ಕದಾದ ಊರಿನ ಟ್ರ್ಯಾಕುಗಳಲ್ಲಿ. ಹಿಕರಿ ಪಟ್ಟಣದ ಟ್ರ್ಯಾಕ್ 1951ರಿಂದ ನಡೆದು ಬಂದಿದೆ. ಅಲ್ಲಿ ನೆಡ್ ಜ್ಯಾರೆಟ್, ರಾಲ್ಫ್ ಅರ್ನ್‌ಹಾರ್ಟ್ ಮುಂತಾದವರು ಓಡಿಸಿ ಹೆಸರಾದರು. ವಿನ್‌ಸ್ಟನ್-ಸೇಲಂ ನಗರದ ಬೌಮನ್ ಗ್ರೇ ಕ್ರೀಡಾಂಗಣವಂತೂ ನಮ್ಮವರು ಒಮ್ಮೆ ನೋಡಲೇಬೇಕಾದ ಜಾಗ. ಅದು ನಗರಾಡಳಿತಕ್ಕೆ ಸೇರಿದ್ದು; ನಡುವೆ ಫುಟ್‌ಬಾಲ್ ಮೈದಾನ, ಅದರ ಸುತ್ತ ಕಾಲು ಮೈಲಿಯ ಸಮತಟ್ಟಾದ ಡಾಂಬರು ಪಥ. 1949ರಿಂದ ಅಲ್ಲಿ ಬೇಸಿಗೆಯ ಶನಿವಾರಗಳಂದು ನ್ಯಾಸ್ಕಾರ್ ನಿಯಮದಂತೆ ರೇಸು ನಡೆಯುತ್ತಿದೆ. ಊರಿನ ಪ್ಲಂಬರು, ಟ್ರಕ್ಕು ಚಾಲಕ, ಶಾಲಾ ಶಿಕ್ಷಕ ಓಡಿಸುತ್ತಾರೆ. ಅವರ ನೆಂಟರು, ನೆರೆಯವರು ಗ್ಯಾಲರಿಯಲ್ಲಿ ಕೂತಿರುತ್ತಾರೆ. ಒಂದು ನಗರಸಭೆ ತನ್ನ ಕ್ರೀಡಾಂಗಣದಲ್ಲಿ ಹಾಕಿ, ಕಬಡ್ಡಿಗೆ ಜಾಗ ಕೊಟ್ಟಂತೆ ಮೋಟಾರು ರೇಸಿಗೂ ಜಾಗ ಕೊಡಬಹುದು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿಯೇ.

ನಾನು ಓಡಿಸಿದ ಟ್ರ್ಯಾಕ್ ಮೈಲಿಯ ಮೂರನೇ ಒಂದರಷ್ಟಿತ್ತು. ಮೊದಲು ನಾಲ್ಕು ಸಿಲಿಂಡರಿನ ವರ್ಗಕ್ಕೆ ಒಂದು ಹಳೆಯ ಹೋಂಡಾ ಸಿವಿಕ್ ಕೊಂಡೆ. ಸ್ಟಾಕ್ ಕಾರು ಎಂದರೆ ಮೂಲದಲ್ಲಿ ಶೋರೂಮಿನಿಂದ ಬಂದ ಕಾರೇ. ಸೀಟುಗಳು, ಗಾಜು, ಕಾರ್ಪೆಟ್ಟು, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕು ಎಲ್ಲವನ್ನೂ ಕಿತ್ತು ತೆಗೆದು, ಒಳಗೆ ಉಕ್ಕಿನ ಕೊಳವೆಗಳ ಪಂಜರವನ್ನು ಬೆಸುಗೆ ಹಾಕಿಸಿ, ಒಂದೇ ಒಂದು ರೇಸಿಂಗ್ ಸೀಟು, ಐದು ಪಟ್ಟಿಯ ಬೆಲ್ಟು, ಎಡ ಕಿಟಕಿಗೆ ಬಲೆ, ಬೆಂಕಿಗೆ ತಡೆಯೊಡ್ಡುವ ಉಡುಪು, ಹೆಲ್ಮೆಟ್ಟು ಇಷ್ಟನ್ನು ಹೊಂದಿಸಿದರೆ ಕಾರು ತಪಾಸಣೆಗೆ ಸಿದ್ಧ. ಎಂಜಿನ್ನನ್ನು ಬಿಚ್ಚಿ ಬದಲಿಸುವಂತಿಲ್ಲ, ಟೈರು ಟ್ರ್ಯಾಕಿನವರು ಹೇಳಿದ್ದೇ ಆಗಬೇಕು. ಕೆಲವು ವರ್ಷ ಕಳೆದ ಮೇಲೆ ಸ್ಟ್ರೀಟ್ ಸ್ಟಾಕ್ ವರ್ಗಕ್ಕೆ ಹೋದೆ. ಅಲ್ಲಿ 350 ಘನ ಇಂಚಿನ ಷೆವರ್ಲೆ ಎಂಜಿನ್, ಅಂದರೆ ಸುಮಾರು 5.7 ಲೀಟರ್, ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ.

ಸುಮ್ಮನೆ ಎಡಕ್ಕೆ ತಿರುಗಿಸುವುದರಲ್ಲಿ ಏನಿದೆ ಎಂದು ಕೇಳುವವರಿಗೆ ಉತ್ತರ ಕೊಡುವ ಆಸೆ ನನಗೆ ಇಂದಿಗೂ ಇದೆ. ಒಂದು ಸುತ್ತಿಗೆ ಸಿವಿಕ್‌ನಲ್ಲಿ 18 ಸೆಕೆಂಡಿನ ಆಸುಪಾಸು ಹಿಡಿಯುತ್ತಿತ್ತು. ಅಷ್ಟರಲ್ಲಿ ನೇರವಾಗಿ ಓಡುವುದು ಕೆಲವೇ ಸೆಕೆಂಡು, ಉಳಿದದ್ದೆಲ್ಲ ತಿರುವು. ಮುಂದಿನ ಚಕ್ರಗಳೇ ಎಳೆಯುವ ಕಾರಿನಲ್ಲಿ ಬಲ ಮುಂದಿನ ಟೈರು ತಿರುಗಿಸುವ, ಎಳೆಯುವ, ಭಾರ ಹೊರುವ ಮೂರೂ ಕೆಲಸಗಳನ್ನು ಒಂದೇ ಹೊತ್ತಿಗೆ ಮಾಡಬೇಕು. ತಿರುವಿನ ಒಳಗೆ ಆತುರದಿಂದ ನುಗ್ಗಿದರೆ ಆ ಟೈರು ಸೋತು ಕಾರು ಗೋಡೆಯ ಕಡೆಗೆ ಜಾರುತ್ತದೆ, ಅದನ್ನು ಇಲ್ಲಿಯವರು ‘ಟೈಟ್’ ಎನ್ನುತ್ತಾರೆ; ಹಿಂಭಾಗ ಜಾರಿ ಸುತ್ತುವಂತಾದರೆ ಅದು ‘ಲೂಸ್’. ಆಕ್ಸಿಲರೇಟರಿನಿಂದ ಕಾಲನ್ನು ಬೇಗನೆ ಎತ್ತಿ, ಬ್ರೇಕನ್ನು ಮೆತ್ತಗೆ ಒತ್ತಿ ಭಾರವನ್ನು ಮೂತಿಗೆ ತಂದು, ತಿರುವಿನ ನಡುವಿನಲ್ಲಿ ಯಾವ ಪೆಡಲನ್ನೂ ಒತ್ತದೆ ಕಾರನ್ನು ತಾನಾಗಿ ಸಾಗಲು ಬಿಟ್ಟು, ಸ್ಟಿಯರಿಂಗನ್ನು ಸಡಿಲಿಸುತ್ತ ಸಡಿಲಿಸುತ್ತ ಕಾಲನ್ನು ಮತ್ತೆ ಆಕ್ಸಿಲರೇಟರಿಗೆ ಇಳಿಸಬೇಕು. ಒಳಕ್ಕೆ ನಿಧಾನವಾಗಿ ಹೋದವನು ಹೊರಕ್ಕೆ ವೇಗವಾಗಿ ಬರುತ್ತಾನೆ. ಇದನ್ನು ಬಾಯಲ್ಲಿ ಹೇಳುವುದು ಸುಲಭ. ಬಲಗಡೆ ಅಂಗೈ ಅಗಲದ ದೂರದಲ್ಲಿ ಇನ್ನೊಂದು ಕಾರು, ಎಡಗಡೆ ಹುಲ್ಲು, ಹಿಂದಿನಿಂದ ಬಂಪರಿಗೆ ಬಂಪರು ತಾಗಿಸುತ್ತಿರುವ ಮೂರನೆಯವನು ಇರುವಾಗ ಕಾಲನ್ನು ಬೇಗ ಎತ್ತಲು ಮನಸ್ಸನ್ನು ಒಪ್ಪಿಸುವುದು ಕಷ್ಟ.

ಸ್ಟ್ರೀಟ್ ಸ್ಟಾಕ್ ಕಾರು ಕಲಿಸಿದ್ದು ಬೇರೆಯದೇ ಪಾಠ. ಅದರಲ್ಲಿ ಹಿಂದಿನ ಎರಡು ಚಕ್ರಗಳೂ ಒಂದೇ ಗತಿಯಲ್ಲಿ ತಿರುಗುವಂತೆ, ಎಂಜಿನ್ನಿನ ಶಕ್ತಿಯನ್ನು ಆ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲನ್ನು ಬಿಗಿದಿರುತ್ತಾರೆ. ಹಾಗಾಗಿ ಬಲ ಹಿಂದಿನ ಟೈರಿನ ಸುತ್ತಳತೆ ಎಡದ್ದಕ್ಕಿಂತ ಸ್ವಲ್ಪ ಹೆಚ್ಚಿರಬೇಕು, ಆಗ ಕಾರು ತಾನಾಗಿಯೇ ಎಡಕ್ಕೆ ತಿರುಗುತ್ತ ಸಾಗುತ್ತದೆ. ಟೇಪು ಹಿಡಿದು ಟೈರಿನ ಸುತ್ತಳತೆ ಅಳೆಯುವುದು, ನಾಲ್ಕು ಚಕ್ರಗಳ ಕೆಳಗೆ ತೂಕದ ತಟ್ಟೆಗಳನ್ನಿಟ್ಟು ಭಾರ ಹಂಚುವುದು, ಒಂದು ಸ್ಪ್ರಿಂಗಿನ ತಿರುಪನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಓಡಿಸಿ ನೋಡುವುದು, ಇವುಗಳಲ್ಲೇ ವಾರದ ಸಂಜೆಗಳು ಕಳೆಯುತ್ತಿದ್ದವು. ಕಾಗದದ ಮೇಲೆ ಓದಿದ್ದ ಬಲವಿಜ್ಞಾನ ನನಗೆ ನಿಜವಾಗಿ ಅರ್ಥವಾದದ್ದು ಆ ಗ್ಯಾರೇಜಿನ ನೆಲದ ಮೇಲೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಈ ಆಟವನ್ನು ಜನಸಾಮಾನ್ಯರ ಕೈಗೆಟಕುವಂತೆ ಉಳಿಸಿರುವುದು ನಿಯಮಗಳು. ಕೆಲವು ಟ್ರ್ಯಾಕುಗಳ ಕೆಳ ವರ್ಗಗಳಲ್ಲಿ ‘ಕ್ಲೇಮ್’ ಎಂಬ ನಿಯಮವಿದೆ: ಗೆದ್ದವನ ಎಂಜಿನ್ನನ್ನು ಅದೇ ರೇಸಿನಲ್ಲಿ ಓಡಿದ ಇನ್ನೊಬ್ಬ ಚಾಲಕ, ನಿಯಮಪುಸ್ತಕದಲ್ಲಿ ಮೊದಲೇ ಬರೆದಿಟ್ಟ ಬೆಲೆ ಕೊಟ್ಟು ಕೇಳಿದರೆ, ಗೆದ್ದವನು ಮಾರಲೇಬೇಕು, ಒಲ್ಲೆನೆಂದರೆ ಆ ಗೆಲುವು ಅವನ ಕೈತಪ್ಪುತ್ತದೆ. ಆ ಬೆಲೆಯ ಹತ್ತು ಪಟ್ಟು ಸುರಿದು ಎಂಜಿನ್ ಕಟ್ಟಿಸುವ ಆಸೆಯನ್ನು ಈ ಒಂದು ಸಾಲು ಚಿವುಟಿ ಹಾಕುತ್ತದೆ. ಇನ್ನೊಂದು, ಆಕ್ಷೇಪಣೆಯ ಹಕ್ಕು. ಸೋತವನು ಠೇವಣಿ ಇಟ್ಟು ಗೆದ್ದ ಕಾರನ್ನು ಬಿಚ್ಚಿಸಬಹುದು. ಕಾರು ನಿಯಮದಂತಿದ್ದರೆ ಠೇವಣಿ ಗೆದ್ದವನಿಗೆ ಸೇರುತ್ತದೆ. ಈ ಕಟ್ಟುನಿಟ್ಟು ಮೊದಲ ದಿನದಿಂದಲೂ ಇದೆ. 1949ರ ಜೂನ್ 19ರಂದು ಶಾರ್ಲಟ್‌ನ ಮಣ್ಣಿನ ಟ್ರ್ಯಾಕಿನಲ್ಲಿ ನ್ಯಾಸ್ಕಾರ್‌ನ ಮೊಟ್ಟಮೊದಲ ‘ಸ್ಟ್ರಿಕ್ಟ್‌ಲಿ ಸ್ಟಾಕ್’ (ಮಾರ್ಪಾಡು ಮಾಡದ ಕಾರುಗಳ) ರೇಸು ನಡೆದಾಗ ಮೊದಲು ಗೆರೆ ದಾಟಿದ್ದು ಗ್ಲೆನ್ ಡನವೇ ಓಡಿಸಿದ ಫೋರ್ಡ್. ತಪಾಸಣೆಯಲ್ಲಿ ಅದರ ಹಿಂದಿನ ಸ್ಪ್ರಿಂಗುಗಳನ್ನು ಮದ್ಯ ಸಾಗಿಸುವ ಕಾರುಗಳಂತೆ ಮಾರ್ಪಡಿಸಿದ್ದು ಕಂಡುಬಂದು, ಗೆಲುವನ್ನು ಕಿತ್ತುಕೊಂಡು ಲಿಂಕನ್ ಕಾರಿನಲ್ಲಿ ಬಂದಿದ್ದ ಕಾನ್ಸಸ್‌ನ ಜಿಮ್ ರೋಪರ್ ಅವರಿಗೆ ಕೊಟ್ಟರು. ಫೋರ್ಡಿನ ಒಡೆಯ ನ್ಯಾಯಾಲಯಕ್ಕೆ ಹೋದರೂ ಗೆಲ್ಲಲಿಲ್ಲ. ಹುಟ್ಟಿದ ದಿನವೇ ನಿಯಮದ ಮಾತು ಉಳಿಸಿಕೊಂಡದ್ದರಿಂದ ಈ ಆಟ ಉಳಿಯಿತು ಎಂದು ನನ್ನ ನಂಬಿಕೆ.

ಇದನ್ನೆಲ್ಲ ನೋಡುವಾಗ ನನಗೆ ಇದು ಪರದೇಶದ ಸೋಜಿಗವೆಂದು ಅನ್ನಿಸದಿರುವುದಕ್ಕೆ ಕಾರಣ ಕಂಬಳ. ನಮ್ಮ ಸೋದರಮಾವ ನೇಗಿಲು ಕಿರಿಯ ವಿಭಾಗಕ್ಕೆ ಒಂದು ಜೋಡಿ ಕೋಣ ಸಾಕಿದ್ದರು. ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ, ಅಡ್ಡಹಲಗೆ, ಕನೆಹಲಗೆ ಎಂದು ಅಲ್ಲಿ ವಿಭಾಗಗಳಿವೆ; ಹೊಸ ಕೋಣ ಹಳೆಯ ಹುಲಿಗಳ ಎದುರು ಮೊದಲ ವರ್ಷವೇ ನಿಲ್ಲಬೇಕಾಗಿಲ್ಲ. ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಯವರೆಗೆ ಜೋಡುಕರೆಯಲ್ಲಿ, ಅಂದರೆ ಅಕ್ಕಪಕ್ಕದ ಎರಡು ಕೆಸರಿನ ಓಟದ ಪಥಗಳಲ್ಲಿ, ಎರಡು ಜೋಡಿ ಒಟ್ಟಿಗೆ ಓಡುತ್ತವೆ, ಈಗೀಗ ಲೇಸರ್ ಕಿರಣದಿಂದ ಸಮಯ ಅಳೆಯುತ್ತಾರೆ, ಧ್ವನಿವರ್ಧಕದಲ್ಲಿ ಕೋಣಗಳ ಮನೆತನದ ಹೆಸರೂ ಓಡಿಸಿದವರ ಹೆಸರೂ ಕೇಳಿಬರುತ್ತವೆ, ರಾತ್ರಿಯಿಡೀ ದೀಪದ ಬೆಳಕಿನಲ್ಲಿ ಊರು ಎಚ್ಚರವಾಗಿರುತ್ತದೆ. ಮೂಡುಬಿದಿರೆಯ ಕೋಟಿ-ಚೆನ್ನಯ ಕರೆಯಾಗಲಿ, ಮಿಯ್ಯಾರಿನ ಲವ-ಕುಶ ಕರೆಯಾಗಲಿ, ಅದನ್ನು ನಡೆಸುವುದು ಊರಿನ ಸಮಿತಿ. ಕೆರೊಲಿನಾದ ಶನಿವಾರದ ರಾತ್ರಿಯಲ್ಲಿ ನಾನು ಕಂಡದ್ದೂ ಇದೇ ಕಟ್ಟು: ವರ್ಗಗಳು, ಸ್ವಯಂಸೇವಕರು, ಮನೆ ಮನೆಗೂ ಗೊತ್ತಿರುವ ಹೆಸರುಗಳು. ವ್ಯತ್ಯಾಸವೂ ಇದೆ. ಕಂಬಳದಲ್ಲಿ ಯಜಮಾನ ಬೇರೆ, ಓಡಿಸುವವರು ಬೇರೆ. ಇಲ್ಲಿ ಕೆಳ ವರ್ಗಗಳಲ್ಲಿ ಕಾರಿನ ಒಡೆಯ, ಮೆಕ್ಯಾನಿಕ್, ಚಾಲಕ ಮೂವರೂ ಸಾಮಾನ್ಯವಾಗಿ ಒಬ್ಬನೇ. ಸೋಲಿಗೂ ಗೆಲುವಿಗೂ ಪೂರ್ತಿ ಹೊಣೆ ತನ್ನದೇ ಆಗಿರುವುದು ಮನುಷ್ಯನನ್ನು ಗಟ್ಟಿ ಮಾಡುತ್ತದೆ, ಮತ್ತು ಈ ವಿಷಯದಲ್ಲಿ ನಾನು ಇಲ್ಲಿಯ ಕ್ರಮವನ್ನೇ ಮೆಚ್ಚುತ್ತೇನೆ.

ಪಿಟ್‌ನ ನಡವಳಿಕೆಯ ಬಗ್ಗೆಯೂ ಒಂದು ಮಾತು. ಪಿಟ್ ಎಂದರೆ ಟ್ರ್ಯಾಕಿನ ಬಳಿ ಕಾರುಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಜಾಗ. ನನ್ನ ಪಕ್ಕದ ಜಾಗದಲ್ಲಿ ಕಾರು ನಿಲ್ಲಿಸುತ್ತಿದ್ದ ಹಿರಿಯರೊಬ್ಬರು, ನನ್ನ ಕಾರಿನ ಮುಂದಿನ ಆಕ್ಸಲ್ ಅಭ್ಯಾಸದ ಸುತ್ತಿನಲ್ಲಿ ಮುರಿದಾಗ, ಕೇಳುವ ಮೊದಲೇ ತಮ್ಮ ಟ್ರೈಲರಿನಿಂದ ಒಂದನ್ನು ತಂದು ಕೊಟ್ಟು, ಮಗನನ್ನೂ ಕರೆದು ಮೂವರೂ ಸೇರಿ ಕೂಡಿಸಿ, ಅರ್ಧ ಗಂಟೆಯ ನಂತರ ಅದೇ ರೇಸಿನಲ್ಲಿ ನನ್ನನ್ನು ಎಳ್ಳಷ್ಟೂ ಕನಿಕರವಿಲ್ಲದೆ ಹಿಂದೆ ಹಾಕಿದರು. ಮರುದಿನ ಹಣ ಕೊಡಲು ಹೋದಾಗ, ಹೊಸ ಆಕ್ಸಲ್ ಸಿಕ್ಕಾಗ ಇದನ್ನು ವಾಪಸು ತಂದಿಟ್ಟರೆ ಸಾಕು, ಮುಂದಿನ ವಾರ ಇನ್ನೊಬ್ಬನಿಗೆ ಬೇಕಾಗುತ್ತದೆ ಎಂದರು. ಜಗಳಗಳೂ ಆಗುತ್ತಿದ್ದವು, ಕೈ ಕೈ ಮಿಲಾಯಿಸಿದ್ದೂ ಉಂಟು. ಆದರೆ ಎದುರಾಳಿ ಓಡಲಾಗದೆ ಗೆಲ್ಲುವುದನ್ನು ಅಲ್ಲಿ ಯಾರೂ ಗೆಲುವೆಂದು ಎಣಿಸುತ್ತಿರಲಿಲ್ಲ.

ಕಂದು ಬಣ್ಣದ, ಬೇರೆ ಉಚ್ಚಾರದ ಮನುಷ್ಯನಾಗಿ ನಾನು ಅಲ್ಲಿ ಹೇಗಿದ್ದೆ ಎಂದು ನಮ್ಮವರು ಖಂಡಿತ ಕೇಳುತ್ತಾರೆ. ಪಿಟ್‌ನ ಒಳಗೆ ನನ್ನನ್ನು ಅಳೆದದ್ದು ಕೆಲಸದಿಂದ. ಗ್ಯಾಲರಿಯ ಹೊರಗಿನ ಪಾರ್ಕಿಂಗಿನಲ್ಲಿ ಹಾರುತ್ತಿದ್ದ, ಹಿಂದೆ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ರಾಜ್ಯಗಳ ಕಾನ್‌ಫೆಡರೇಟ್ ಬಾವುಟಗಳು ಮಾತ್ರ ನನಗೆ ಎಂದೂ ಹಿತವೆನಿಸಲಿಲ್ಲ; ನ್ಯಾಸ್ಕಾರ್ ತನ್ನ ಆವರಣಗಳಲ್ಲಿ ಅದನ್ನು ನಿಷೇಧಿಸಿದ್ದು 2020ರಲ್ಲಷ್ಟೇ. ವರ್ಜೀನಿಯಾದ ಡ್ಯಾನ್‌ವಿಲ್‌ನ ವೆಂಡಲ್ ಸ್ಕಾಟ್ ಎಂಬ ಕಪ್ಪು ಚಾಲಕ 1963ರ ಡಿಸೆಂಬರ್ 1ರಂದು ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ಗೆದ್ದಾಗ ಮೊದಲು ಬೇರೊಬ್ಬ ಬಿಳಿಯ ಚಾಲಕನನ್ನು ವಿಜೇತನೆಂದು ಘೋಷಿಸಿ, ಜನ ಚದುರಿದ ಮೇಲೆ ಸುತ್ತುಗಳ ಲೆಕ್ಕ ಸರಿಪಡಿಸಿ ಸ್ಕಾಟ್ ಅವರೇ ಗೆದ್ದರೆಂದು ಒಪ್ಪಿಕೊಂಡರು. ಸ್ಕಾಟ್ 1990ರಲ್ಲಿ ತೀರಿಕೊಂಡರು. ಆ ದಿನದ ನ್ಯಾಯವಾದ ಟ್ರೋಫಿ ಕುಟುಂಬದ ಕೈಸೇರಿದ್ದು 2021ರಲ್ಲಿ. ಈ ಕಥೆ ಕೇಳಿ ಅಮೆರಿಕನ್ನರನ್ನು ಹಳಿಯುವ ಮೊದಲು ನಾವು ನಮ್ಮ ಕರೆಯ ಕೆಸರನ್ನೂ ನೆನೆಯಬೇಕು. ಕೊರಗ ಸಮುದಾಯದವರನ್ನು ಕೋಣಗಳಿಗಿಂತ ಮೊದಲು ಕರೆಯಲ್ಲಿ ಓಡಿಸುತ್ತಿದ್ದ ದಿನಗಳಿದ್ದವು. ಅಂಥ ಅಜಲು ಪದ್ಧತಿಯನ್ನು ಕರ್ನಾಟಕ ಕಾನೂನಿನಿಂದ ನಿಷೇಧಿಸಿದ್ದು 2000ದಲ್ಲಿ. ಊರಿನ ಆಟ ಊರಿನ ಪ್ರೀತಿಯ ಜೊತೆಗೆ ಊರಿನ ಅನ್ಯಾಯವನ್ನೂ ಹೊತ್ತು ಬರುತ್ತದೆ. ಅದಕ್ಕಾಗಿಯೇ ಲಿಖಿತ ನಿಯಮ, ಹೊರಗಿನ ತೀರ್ಪುಗಾರ, ಮೇಲ್ಮನವಿಯ ಅವಕಾಶ ಬೇಕು.

ಅಪಾಯದ ಮಾತನ್ನು ಮರೆಮಾಚಲಾರೆ. 2001ರ ಫೆಬ್ರವರಿ 18ರಂದು ಈ ಆಟದ ಅತಿ ದೊಡ್ಡ ರೇಸಾದ ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಬಡಿದು ತೀರಿಕೊಂಡ ಮೇಲೆ ನ್ಯಾಸ್ಕಾರ್ ತನ್ನ ಉನ್ನತ ವರ್ಗಗಳಲ್ಲಿ ತಲೆ ಮತ್ತು ಕುತ್ತಿಗೆಯನ್ನು ಹಿಡಿದಿಡುವ ಸಾಧನವನ್ನು ಅದೇ ವರ್ಷ ಕಡ್ಡಾಯ ಮಾಡಿತು. ಮರುವರ್ಷದಿಂದ ಉಕ್ಕು ಮತ್ತು ಫೋಮಿನ, ಹೊಡೆತವನ್ನು ಹೀರುವ ಗೋಡೆಗಳು ಬಂದವು. ಊರಿನ ಟ್ರ್ಯಾಕುಗಳಲ್ಲಿ ಕುತ್ತಿಗೆಯ ಸಾಧನ ಎಲ್ಲೆಡೆ ಕಡ್ಡಾಯವಾಗಿರಲಿಲ್ಲ. ಅದಿಲ್ಲದೆ ಕೂರುವುದಿಲ್ಲವೆಂದು ನಾನು ಮನೆಯವರಿಗೆ ಮಾತು ಕೊಟ್ಟಿದ್ದೆ. ಒಂದು ರಾತ್ರಿ ನನ್ನ ಮುಂದಿನ ಕಾರು ಎಣ್ಣೆ ಚೆಲ್ಲಿ, ನಾನು ಮೂರನೆಯ ತಿರುವಿನಲ್ಲಿ ನೇರ ಗೋಡೆಗೆ ಹೋದೆ. ಮೂತಿ ಅಪ್ಪಚ್ಚಿಯಾಯಿತು, ಭುಜದ ಮೇಲೆ ಬೆಲ್ಟಿನ ಗುರುತು ಬಹಳ ದಿನ ಉಳಿಯಿತು, ಕುತ್ತಿಗೆಗೆ ಏನೂ ಆಗಲಿಲ್ಲ. ಕೆಂಪು ಬಾವುಟ ಬಿದ್ದ ಕೆಲವೇ ಕ್ಷಣಗಳಲ್ಲಿ ಬೆಂಕಿ ಆರಿಸುವವರು ನನ್ನ ಕಿಟಕಿಯ ಬಲೆ ಬಿಚ್ಚುತ್ತಿದ್ದರು. ಅಷ್ಟೇ ವೇಗದಲ್ಲಿ ಹೆದ್ದಾರಿಯಲ್ಲಿ ಕಂಬಕ್ಕೆ ಬಡಿದವನ ಬಳಿ ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ?

ಆ ಪ್ರಶ್ನೆಯೇ ನನ್ನನ್ನು ಬೆಂಗಳೂರಿನ ರಸ್ತೆಗಳ ಕಡೆಗೆ ಒಯ್ಯುತ್ತದೆ. ರಾತ್ರಿ ಹೊತ್ತು ಹೆದ್ದಾರಿಗಳಲ್ಲಿ, ಮೇಲ್ಸೇತುವೆಗಳ ಮೇಲೆ ವ್ಹೀಲಿ ಮಾಡುವ, ಪಂದ್ಯ ಕಟ್ಟುವ ಹುಡುಗರನ್ನು ಪೊಲೀಸರು ಹಿಡಿಯುವುದು, ವಾಹನ ಜಪ್ತಿ ಮಾಡುವುದು ನಡೆಯುತ್ತಲೇ ಇದೆ. ಆ ಕ್ರಮ ಸರಿಯಾದದ್ದೇ. ಆದರೆ ಅದೇ ಹುಡುಗನಿಗೆ ನೀನು ಅಲ್ಲಿಗೆ ಹೋಗಿ ಓಡಿಸು ಎಂದು ಬೆರಳು ತೋರಿಸಲು ನಮ್ಮಲ್ಲಿ ಜಾಗವೆಲ್ಲಿದೆ? ಡಾಂಬರಿನ ಕಾರು ರೇಸಿಗೆ ನಮ್ಮವರು ಬಹುಮಟ್ಟಿಗೆ ತಮಿಳುನಾಡಿಗೇ ಹೋಗಬೇಕಾಗಿದೆ: ಹಿಂದೆ ಮದ್ರಾಸಿನ ಬಳಿಯ ಶೋಲಾವರಂ ವಿಮಾನ ಓಡುದಾರಿ, 1990ರಿಂದ ಇರುಂಗಾಟ್ಟುಕೋಟ್ಟೈ, ಆಮೇಲೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಗ್ರೇಟರ್ ನೋಯ್ಡಾದಲ್ಲಿ ಅಪಾರ ಹಣ ಸುರಿದು ಕಟ್ಟಿದ ಬುದ್ಧ ಸರ್ಕ್ಯೂಟಿನಲ್ಲಿ ಫಾರ್ಮುಲಾ ಒನ್ ನಡೆದದ್ದು 2011ರಿಂದ 2013ರವರೆಗೆ ಮೂರೇ ಬಾರಿ. ಪ್ರತಿಭೆಯ ಕೊರತೆಯಂತೂ ನಮಗಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಮರುಭೂಮಿಯ ದೀರ್ಘ ದೂರದ ಡಕಾರ್ ರ್‍ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು, ಉಡುಪಿಯ ಅರವಿಂದ್ ಕೆ.ಪಿ. ಕೂಡ ಅಲ್ಲಿ ಓಡಿಸಿದ್ದಾರೆ. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳು ರ್‍ಯಾಲಿ ಪ್ರಿಯರಿಗೆಲ್ಲ ಪರಿಚಿತ. ಇವರೆಲ್ಲ ತಮ್ಮ ಹಟದಿಂದ ಮೇಲೆ ಬಂದವರು. ನಾನು ಕೇಳುತ್ತಿರುವುದು ಅಷ್ಟು ದೂರ ಹೋಗುವ ಆಸೆಯೂ ಇಲ್ಲದ, ಶನಿವಾರ ಸಂಜೆ ಊರವರ ಎದುರು ಹತ್ತಿಪ್ಪತ್ತು ಸುತ್ತು ಓಡಿಸಿ ಮನೆಗೆ ಮರಳಬಯಸುವ ಗ್ಯಾರೇಜಿನ ಹುಡುಗನಿಗಾಗಿ.

ಅವನಿಗೆ ಬೇಕಾದದ್ದು ತುಮಕೂರು, ಹಾಸನ, ಚಿತ್ರದುರ್ಗದಂಥ ಜಿಲ್ಲೆಗಳ ಅಂಚಿನಲ್ಲಿ ಕೆಲವು ಎಕರೆ ಬಂಜರು ನೆಲ, ಕಾಲು ಮೈಲಿಯ ಕೆಂಪು ಮಣ್ಣಿನ ದುಂಡನೆಯ ಪಥ, ಧೂಳು ಕಟ್ಟಲು ನೀರಿನ ಟ್ಯಾಂಕರು, ಗಟ್ಟಿ ಬೇಲಿ, ಪ್ರೇಕ್ಷಕರನ್ನು ದೂರವಿಡುವ ಮಣ್ಣಿನ ದಿಬ್ಬ, ಆಂಬುಲೆನ್ಸು, ಅಗ್ನಿಶಾಮಕ ತಂಡ, ಮತ್ತು ರಾಷ್ಟ್ರೀಯ ಮೋಟಾರು ಕ್ರೀಡಾ ಒಕ್ಕೂಟದ ಅನುಮತಿ. ನಡೆಸಲು ಕಂಬಳ ಸಮಿತಿಯಂಥ ಊರಿನ ಸಮಿತಿ ಇರಲಿ. ಹತ್ತಾರು ಸಾವಿರ ಜನರನ್ನು ರಾತ್ರಿಯಿಡೀ ಸುಧಾರಿಸುವ ಅನುಭವ ನಮ್ಮ ಕರಾವಳಿಯವರಿಗೆ ಬೇಕಾದಷ್ಟಿದೆ, ಅದನ್ನು ಘಟ್ಟದ ಮೇಲಿನವರೊಂದಿಗೆ ಹಂಚಿಕೊಳ್ಳಬಹುದು. ಮೊದಲ ವರ್ಷ ಒಂದೇ ವರ್ಗ ಸಾಕು: ಮಾರುತಿ 800. ಅದರ ತಯಾರಿಕೆ 2014ರಲ್ಲಿ ನಿಂತಿದ್ದರೂ 796 ಸಿಸಿ ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ಕುಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಹಳೆಯ ಬಿಡಿಭಾಗಗಳೂ ಸಿಗುತ್ತವೆ. ಎಂಜಿನ್ನಿನ ಒಳಗೆ ಬದಲಾವಣೆ ಕೂಡದು, ಟೈರು ಒಂದೇ ಬಗೆಯದು, ಉಕ್ಕಿನ ಪಂಜರ, ಐದು ಪಟ್ಟಿಯ ಬೆಲ್ಟು ಮತ್ತು ಕುತ್ತಿಗೆಯ ಸಾಧನ ಮೊದಲ ದಿನದಿಂದಲೇ ಕಡ್ಡಾಯ, ಗೆದ್ದ ಎಂಜಿನ್ನಿಗೆ ಮೊದಲೇ ಗೊತ್ತುಪಡಿಸಿದ ಕ್ಲೇಮ್ ಬೆಲೆ. ಇಲ್ಲಿಯ ಟ್ರ್ಯಾಕುಗಳ ನಿಯಮಪುಸ್ತಕಗಳನ್ನು ಮುಂದಿಟ್ಟುಕೊಂಡು, ನಮ್ಮ ಮಣ್ಣಿಗೂ ಕಾರುಗಳಿಗೂ ಹೊಂದುವಂಥ ನಿಯಮಾವಳಿಯನ್ನು ಕನ್ನಡದಲ್ಲಿ ಬರೆಯಲು ಆರಂಭಿಸಿದ್ದೇನೆ. ಸುರಕ್ಷತೆಯ ಅಧ್ಯಾಯ ಮುಗಿದಿದೆ, ತಪಾಸಣೆಯದ್ದು ನಡೆಯುತ್ತಿದೆ. ಯಾವುದೇ ಜಿಲ್ಲೆಯ ಮೋಟಾರು ಕ್ಲಬ್ಬು ಮುಂದೆ ಬಂದರೆ ಅದನ್ನು ಅವರ ಕೈಗೆ ಕೊಟ್ಟು, ಮೊದಲ ಋತುವಿನ ತಪಾಸಣೆಗೆ ಸ್ವಂತ ಖರ್ಚಿನಲ್ಲಿ ಬಂದು ನಿಲ್ಲುತ್ತೇನೆ.